ಎಳೆ ಬಿಸಿಲಿನ ಉಪಕಾರ

ಕಳೆದ ವಾರ ನಮ್ಮ ಶೆಡ್ಡಿನಲ್ಲಿ ಅವಳ ಮಗ್ಗದ ಗುಂಡಿಯನ್ನು ಮುಚ್ಚಿದರು. ಒಂದು ಗಾಡಿ ಮಣ್ಣು, ಅದರ ಮೇಲೆ ಸಿಮೆಂಟು, ಸಿಮೆಂಟಿನ ಮೇಲೆ ಒಂದು ಗಾಜಿನ ಬೀರು. ಬೀರುವಿನಲ್ಲಿ ಸೀರೆ ಜೋಡಿಸಿಟ್ಟು ಗಿರಾಕಿಗಳಿಗೆ ತೋರಿಸುತ್ತಾರಂತೆ. ಸಿಮೆಂಟು ಹಾಕಲು ಬಂದ ಗಾರೆ ಮೇಸ್ತ್ರಿ "ಇಲ್ಲಿ ಯಾರ್ ಕುಂತ್ಕತಿದ್ರು ಸಾ?" ಅಂತ ಸುಮ್ಮನೆ ಮಾತಿಗೆ ಕೇಳಿದ. ನಮ್ಮ ಸಾವ್ಕಾರರು, ಅಂದರೆ ಶೆಡ್ಡಿನ ಯಜಮಾನರು, "ಒಬ್ಳು ಹೆಣ್ಮಗಳಿದ್ಲು ಕಣಪ್ಪ. ಪಾಪ, ಹುಷಾರಿರ್ಲಿಲ್ಲ. ಕೆಲ್ಸ ಬಿಟ್ಬುಟ್ಲು" ಅಂದರು. ಪಕ್ಕದ ಮಗ್ಗದಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು.

ಬಿಟ್ಟುಬಿಟ್ಟಳಂತೆ! ಅವಳು ಎಲ್ಲಿ ಬಿಟ್ಟಳು? ಇವರೆಲ್ಲ ಸೇರಿ ಬಿಡಿಸಿದರು. ಬೈದು ಬಿಡಿಸಿದ್ದರೆ ನಾಲ್ಕು ಜನರ ಮುಂದೆ ನ್ಯಾಯ ಕೇಳಬಹುದಿತ್ತು. ಪ್ರೀತಿ ಮಾಡಿ, ಉಪಕಾರ ಮಾಡಿ, ಪಾಪ ಪಾಪ ಅಂತ ಲೊಚಗುಟ್ಟಿ ಬಿಡಿಸಿದರು. ಅದನ್ನು ಹೇಳದೆ ಹೋದರೆ ನನಗೆ ಉಂಡದ್ದು ಅರಗುವುದಿಲ್ಲ. ನಾನು ಕೊಳ್ಳೇಗಾಲದ ರೇಷ್ಮೆ ಸೀರೆ ನೇಕಾರ. ಹೈಸ್ಕೂಲಿಗೇ ಓದು ನಿಂತರೂ ಓದುವ, ಬರೆಯುವ ಚಟ ಬಿಟ್ಟಿಲ್ಲ. ಇದು ಸಾವ್ಕಾರರ ಕಣ್ಣಿಗೆ ಬಿದ್ದರೆ ನನ್ನ ಮಗ್ಗಕ್ಕೂ ಸಂಚಕಾರ ಬರಬಹುದು. ಬರಲಿ.

ಅವಳ ಹೆಸರು ಮಾತ್ರ ಬರೆಯುವುದಿಲ್ಲ. ಹೋದ ಭಾನುವಾರ ಅವಳಿರುವ ಊರಿಗೇ ಹೋಗಿ, ಹೀಗೆ ಬರೀತೀನಿ, ಹೆಸರು ಹಾಕಲೇನಮ್ಮ ಅಂತ ಕೇಳಿದೆ. "ಬ್ಯಾಡ ಕಣಣ್ಣ. ನಾಳಿಕ್ಕೆ ಇನ್ನೊಬ್ಬ ಸಾವ್ಕಾರ ಓದ್ಬುಟ್ರೆ ಅವ್ನೂ ಮಗ್ಗ ಕೊಡಕಿಲ್ಲ" ಅಂದಳು. ಇನ್ನೂ ಇನ್ನೊಬ್ಬ ಸಾವ್ಕಾರ ಸಿಗುತ್ತಾನೆ ಅನ್ನುವ ಆಸೆ ಅವಳಿಗಿದೆ. ಆ ಆಸೆಗೆ ನನ್ನಿಂದ ಕಲ್ಲು ಬೀಳುವುದು ಬೇಡ.

ಅವಳು ಹನೂರು ಕಡೆಯ ಮಾರ್ಟಳ್ಳಿಯವಳು. ಗಡಿಯ ಊರು, ಕನ್ನಡದಷ್ಟೇ ತಮಿಳೂ ಬಾಯಿಗೆ ಬರುತ್ತದೆ. ಅಪ್ಪ ಅವ್ವ ಬೇಸಾಯದವರು. ಮಗ್ಗ ಅಂದರೆ ಏನೆಂದೇ ನೋಡದ ಹುಡುಗಿ ನಮ್ಮ ಬೀದಿಗೆ ಸೊಸೆಯಾಗಿ ಬಂದಳು. ಗಂಡನಿಗೆ ಮಗ್ಗದ ಮೇಲೆ ಪ್ರೀತಿಯಿಲ್ಲ, ಗೂಡ್ಸ್ ಆಟೋ ಓಡಿಸುತ್ತಾನೆ. ಮಾವ ಮಾತ್ರ ನಮ್ಮ ಶೆಡ್ಡಿನಲ್ಲೇ ತಲೆ ನರೆಸಿಕೊಂಡ ನೇಕಾರ. ಇವಳು ಅವನಿಗೆ ಊಟದ ಡಬ್ಬಿ ಕೊಡಲು ಬಂದವಳು, ಪಕ್ಕದಲ್ಲಿ ಕೂತು ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಿಕೊಡಲು ಶುರುಮಾಡಿದಳು. ಆಮೇಲೆ ಮಾವ ಬೀಡಿಗೆ ಎದ್ದು ಹೋದಾಗ ಅವನ ಜಾಗದಲ್ಲಿ ಕಾಲು ಇಳಿಬಿಟ್ಟು ಲಾಳಿ ಎಸೆದು ನೋಡಿದಳು. ಮುದುಕ ವಾಪಸ್ಸು ಬಂದವನು ಬೈಯಲಿಲ್ಲ. ಇನ್ನೊಂದು ಬೀಡಿ ಹಚ್ಚಿಕೊಂಡು ಬಾಗಿಲಲ್ಲೇ ನಿಂತು ನೋಡಿದ.

ಮಾವ ತೀರಿಕೊಂಡ ಮೇಲೆ ಆ ಮಗ್ಗ ನನಗೆ ಬೇಕು ಅಂತ ಹಟ ಹಿಡಿದಳು. ನಮ್ಮ ಶೆಡ್ಡಿನಲ್ಲಿ ಹೆಂಗಸರು ನೂಲು ಸುತ್ತುತ್ತಿದ್ದರು, ಗುಂಡಿಗೆ ಇಳಿದು ನೇಯುತ್ತಿದ್ದವರು ಗಂಡಸರೇ. ಸಾವ್ಕಾರರು ತಲೆ ಕೆರೆದುಕೊಂಡರು. "ಆಗ್ತದಾ ನಿನ್ ಕೈಲಿ?" ಅಂದರು. "ಪಾಕಲಾಂ ಸಾ" ಅಂದಳು. ತಮಿಳಿನಲ್ಲಿ 'ನೋಡೋಣ' ಅಂತ. ಯಾವುದಕ್ಕೂ ಅವಳದು ಅದೇ ಮಾತು. ಮಳೆ ಬರುತ್ತದಾ ಅಂದರೂ ಪಾಕಲಾಂ, ಸಾಲದ ಕಂತು ಕಟ್ಟುತ್ತೀಯಾ ಅಂದರೂ ಪಾಕಲಾಂ. ಆವತ್ತು ಸಾವ್ಕಾರರು ಹೂಂ ಅಂದರು. ಅದು ಅವರ ದೊಡ್ಡತನ, ಇಲ್ಲ ಅನ್ನುವುದಿಲ್ಲ.

ಹೀಗೆ ಹತ್ತು ಹನ್ನೆರಡು ವರ್ಷ ನನ್ನ ಪಕ್ಕದ ಮಗ್ಗದಲ್ಲಿ ಕೂತಿದ್ದಳು. ನನ್ನ ಬುತ್ತಿಯ ಉಪ್ಪಿನಕಾಯಿ ಅರ್ಧ ಅವಳ ಪಾಲು. ನನಗೆ ಸಿಟ್ಟು ಬೇಗ, ಅದು ಬೀದಿಗೆಲ್ಲ ಗೊತ್ತು. ನಾನು ಯಾರ ಮೇಲಾದರೂ ಹಾರಾಡಿದರೆ ಅವಳು ಲಾಳಿ ನಿಲ್ಲಿಸದೆ, "ಬುಡ್ರಲ್ಲಾ, ಅಣ್ಣ ಹಾಲಿದ್ದಂಗೆ. ಉಕ್ತದೆ, ಇಳಿಸಿದ್ರೆ ಸುಮ್ಕಾಯ್ತದೆ" ಅನ್ನುತ್ತಿದ್ದಳು. ಸಾಧ್ವಿ, ತಾಳ್ಮೆಯ ಮೂರ್ತಿ ಅಂತೆಲ್ಲ ಅವಳ ಬಗ್ಗೆ ಬರೆಯಲು ಬರುವುದಿಲ್ಲ. ಜಗಳಗಂಟಿ. ಜರಿ ಕಮ್ಮಿ ಕೊಟ್ಟರೆ ಎದ್ದು ಹೋಗಿ ಸಾವ್ಕಾರರ ಮೇಜಿನ ಮೇಲೆ ಇಟ್ಟು ಬರುತ್ತಿದ್ದಳು. ಮೊಬೈಲಿನಲ್ಲಿ ಯಾರಾದರೂ ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿದರೆ ಮೊಬೈಲನ್ನೇ ಕಸಿದು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು.

ಮೊದಲು ಬಂದದ್ದು ಬೆರಳಿಗೆ. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಆಮೇಲೆ ಮಂಡಿ, ಮುಂಗೈ. ಒಂದು ಸಲ ತವರಿಗೆ ಹೋಗಿ ಎರಡು ದಿನ ಜೋಳದ ಹೊಲದಲ್ಲಿ ಕೆಲಸ ಮಾಡಿ ಬಂದಳು. ಬಂದಾಗ ಮೂಗಿನ ಮೇಲಿಂದ ಎರಡೂ ಕೆನ್ನೆಗೆ ಕೆಂಪಗೆ ಹರಡಿಕೊಂಡಿತ್ತು. ಒಬ್ಬ ಡಾಕ್ಟರು ಹುಳುಕಡ್ಡಿ ಅಂತ ಮುಲಾಮು ಕೊಟ್ಟರು. ಇನ್ನೊಬ್ಬರು ಅಲರ್ಜಿ, ಬದನೆಕಾಯಿ ಬಿಡು ಅಂದರು. ಮತ್ತೊಬ್ಬರು ವಾತ ಅಂತ ಸೂಜಿ ಚುಚ್ಚಿದರು. ಬೀದಿಯವರಿಗೆ ಯಾವ ಡಾಕ್ಟರೂ ಬೇಕಾಗಿರಲಿಲ್ಲ, ನೋಡಿದ ಕೂಡಲೇ ಹೇಳಿದರು: ಗುಂಡಿಯ ಥಂಡಿ.

ಈ ಥಂಡಿಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಗುಂಡಿಮಗ್ಗ. ನೆಲದ ಮಟ್ಟಕ್ಕೆ ಕೂತು, ಮೊಣಕಾಲಿನಷ್ಟು ಆಳದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಅಲ್ಲಿರುವ ಹಲಗೆಗಳನ್ನು ತುಳಿಯುತ್ತ ನೇಯಬೇಕು. ಮಣ್ಣಿನ ಗುಂಡಿ, ಮಳೆಗಾಲದಲ್ಲಿ ಜಿನುಗುತ್ತದೆ. ನಮ್ಮ ಅಪ್ಪಂದಿರು ತಾತಂದಿರು ಎಲ್ಲರೂ ಆ ಥಂಡಿಗೆ ಮಂಡಿ ಹಿಡಿಸಿಕೊಂಡವರೇ. ಅದಕ್ಕೆ ನಮ್ಮಲ್ಲಿ ಒಂದೇ ಮದ್ದು. ಎಣ್ಣೆ ತಿಕ್ಕಿಕೊಂಡು ಜಗಲಿಯ ಮೇಲೆ ಎಳೆ ಬಿಸಿಲಿಗೆ ಕೂರುವುದು. ನನಗೂ ಅದರಿಂದ ಗುಣವಾಗಿದೆ. ಆದ್ದರಿಂದ ಅವಳ ಅತ್ತೆ ದಿನಾ ಬೆಳಿಗ್ಗೆ ಸೊಸೆಯ ಕೀಲುಕೀಲಿಗೆ ಎಳ್ಳೆಣ್ಣೆ ಹಚ್ಚಿ ಬಿಸಿಲಿಗೆ ಕೂರಿಸಿದಾಗ ಯಾರಿಗೂ ತಪ್ಪು ಅನ್ನಿಸಲಿಲ್ಲ. ಅತ್ತೆಗೆ ಸೊಸೆಯ ಮೇಲೆ ಪ್ರಾಣ. ಎಷ್ಟು ಪ್ರಾಣವೋ ಅಷ್ಟು ಹೊತ್ತು ಕೂರಿಸಿದಳು. ಸೊಸೆಗೆ ಜ್ವರ ಬರತೊಡಗಿತು.

ಕೊನೆಗೆ ಮೈಸೂರಿನಲ್ಲಿ ಒಬ್ಬ ಡಾಕ್ಟರಮ್ಮ ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡಿಸಿ ಹೆಸರು ಹೇಳಿದರು. ಲೂಪಸ್. ಶೆಡ್ಡಿಗೆ ಬಂದು ನನಗೆ ತಿಳಿಸಿ ಹೇಳಿದಳು. "ನಮ್ಮನೆ ನಾಯಿ ನಮ್ಮನ್ನೇ ಕಚ್ತದಂತೆ ಕಣಣ್ಣ. ಕಳ್ಳ್ರು ಬಂದ್ರೆ ಕಾಯಾಕೆ ಅಂತ ಮೈಯೊಳಗೆ ಇರತದಲ್ಲ, ಅದೇ ತಿರುಗ್ಬುಟ್ಟು ನಮ್ಗೇ ಬಾಯಾಕ್ತದೆ. ಬಿಸ್ಲು ಬಿದ್ರೆ ಎದ್ ಕುಂತ್ಕತದೆ. ಮಲ್ಗಿದ್ದಾಗ ನಾನು ನಿಮ್ಮಂಗೇಯ."

"ವಾಸಿ ಆಗಲ್ವಂತಾ?"

"ಓಗಕಿಲ್ವಂತೆ. ಮಾತ್ರೆ ನುಂಗ್ಕಂಡು ಮಲಗಿಸ್ಕಂಡಿರ್ಬೇಕು. ಆದ್ರೆ ಕೇಳು, ಡಾಕ್ಟ್ರಮ್ಮ ಮಗ್ಗ ಬುಡು ಅನ್ನಲಿಲ್ಲ. ಒಳಗಡೆ, ನೆರಳಲ್ಲಿ, ಆದಷ್ಟು ಮಾಡು ಅಂದ್ರು. ಗುಂಡಿ ನನ್ಗೆ ಒಳ್ಳೇದಂತೆ ಕಣಣ್ಣ!" ಹಬ್ಬದ ಸುದ್ದಿ ಹೇಳುವ ಹಾಗೆ ಹೇಳಿದಳು. ಜೀವಮಾನದ ಕಾಯಿಲೆ ಬಂದಿದೆ ಅನ್ನುವುದು ಅವಳಿಗೆ ಎರಡನೆಯ ಮಾತಾಗಿತ್ತು.

ನಮ್ಮ ಶೆಡ್ಡು ಹಳೆಯ ಹೆಂಚಿನ ಮನೆ. ಕಿಟಕಿಗಳು ಅಂಗೈಯಗಲ, ಹಗಲಲ್ಲೂ ಮಗ್ಗದ ಮೇಲೆ ಬಲ್ಬು ಬೇಕು. ಇಡೀ ಕೊಳ್ಳೇಗಾಲ ಹುಡುಕಿದರೂ ಅವಳಿಗೆ ಇದಕ್ಕಿಂತ ಹೇಳಿ ಮಾಡಿಸಿದ ಜಾಗ ಸಿಗುತ್ತಿರಲಿಲ್ಲ. ಬೆಳಿಗ್ಗೆ ಬೆರಳು ಮರಗಟ್ಟಿರುತ್ತಿದ್ದವು, ಅದಕ್ಕೆ ಊಟದ ಹೊತ್ತಿಗೆ ಬಂದು ದೀಪ ಹಚ್ಚುವ ಹೊತ್ತು ಮೀರುವವರೆಗೆ ನೇಯುತ್ತಿದ್ದಳು. ನಾಯಿ ಮಲಗಿದ ದಿನ ನನ್ನ ಸಮಕ್ಕೆ ನೇಯುತ್ತಿದ್ದಳು. ನಾಯಿ ಎದ್ದ ದಿನ ಬರುತ್ತಿರಲಿಲ್ಲ. ಕೂಲಿ ಸೀರೆಗೆ ಇಷ್ಟು ಅಂತ, ದಿನಕ್ಕೆ ಇಷ್ಟು ಅಂತ ಅಲ್ಲ. ಅವಳು ತಡ ಮಾಡಿದರೆ ಪೆಟ್ಟು ಬೀಳುವುದು ಅವಳ ಹೊಟ್ಟೆಗೇ. ಆದರೂ ಊರಿನ ಹೊಟ್ಟೆ ಉರಿಯಿತು.

"ನೆನ್ನೆ ಚೆನ್ನಾಗಿದ್ಲಲ್ಲ?" ಈ ಒಂದು ಮಾತನ್ನು ಎಷ್ಟು ಬಾಯಲ್ಲಿ ಕೇಳಿದೆನೋ! ನೆನ್ನೆ ನಗುತ್ತಿದ್ದವಳು ಇವತ್ತು ಹಾಸಿಗೆ ಹಿಡಿದರೆ ನಾಟಕ. ಮದುವೆ ಮನೆಯಲ್ಲಿ ಹೋಳಿಗೆ ಬಡಿಸಿದವಳು ಮಾರನೆಯ ದಿನ ಲಾಳಿ ಹಿಡಿಯದಿದ್ದರೆ ಮೈಗಳ್ಳತನ. ಅವಳು ಕುಂಟಿದ್ದರೆ ಒಪ್ಪುತ್ತಿದ್ದರು, ಕೈಗೆ ಸಿಮೆಂಟು ಪಟ್ಟಿ ಹಾಕಿದ್ದರೆ ಒಪ್ಪುತ್ತಿದ್ದರು. ಮಾತ್ರೆಗಳಿಂದ ಮುಖ ಊದಿಕೊಂಡಿತು. ಅದಕ್ಕೂ ಒಬ್ಬಳು, "ಕಾಯ್ಲೆ ಅಂತಾಳೆ, ಕೆನ್ನೆ ನೋಡು ಪೂರಿ ಉಬ್ಬದಂಗೆ ಉಬ್ಬವೆ. ಕುಂತು ತಿಂದ್ರೆ ಇನ್ನೇನು" ಅಂದಳು. ಅವಳ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತು ನನಗೆ. ಇವಳು ಮಾತ್ರ ತಿರುಗಿ ನಿಂತು, "ನೀನೂ ನುಂಗು ಬಾರಕ್ಕ, ದಿನಕ್ಕೆ ಆರು ಮಾತ್ರೆ. ನಿನ್ನ ಗುಳಿ ಕೆನ್ನೇನೂ ತುಂಬ್ಕತದೆ" ಅಂದಳು. ಆಮೇಲೆ ಮಗ್ಗದಲ್ಲಿ ಕೂತು ಬಹಳ ಹೊತ್ತು ಲಾಳಿ ಮುಟ್ಟಲಿಲ್ಲ.

ಯಳಂದೂರಿನ ಒಂದು ಮದುವೆಯ ಸೀರೆ ಅವಳ ಮಗ್ಗದ ಮೇಲಿತ್ತು. ಮೈಯ ಭಾಗ ಅರ್ಧಕ್ಕಿಂತ ಹೆಚ್ಚು ಆಗಿತ್ತು. ಆ ವಾರ ಅವಳಿಗೆ ಏಳಲು ಆಗಲಿಲ್ಲ. ಮದುವೆಯವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಸಾವ್ಕಾರರು ನನ್ನ ಮಾತು ಕೇಳದೆ ಇನ್ನೊಬ್ಬ ನೇಕಾರನನ್ನು ಅವಳ ಜಾಗದಲ್ಲಿ ಕೂರಿಸಿದರು. ನೇಯುವವರಿಗೆಲ್ಲ ಗೊತ್ತಿರುವ ಸಂಗತಿ ಇದು: ಪ್ರತಿ ಎಳೆ ಹಾಕಿದ ಮೇಲೆ ಹಣಿಗೆಯಿಂದ ಅದನ್ನು ಬಡಿದು ಕೂರಿಸುತ್ತೇವಲ್ಲ, ಆ ಬಡಿತ ಒಬ್ಬೊಬ್ಬರದು ಒಂದೊಂದು. ಸೀರೆಯ ನಡುವೆ ಕೈ ಬದಲಾದರೆ ಬಟ್ಟೆಯಲ್ಲಿ ಅಡ್ಡಕ್ಕೆ ಪಟ್ಟೆ ಬೀಳುತ್ತದೆ. ಅವಸರಕ್ಕೆ ಬುದ್ಧಿ ಇರುವುದಿಲ್ಲ. ಪಟ್ಟೆ ಬಿತ್ತು.

ಅವಳು ಚೇತರಿಸಿಕೊಂಡು ಬಂದ ದಿನವೇ ಸಾವ್ಕಾರರು ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದರು. "ನೋಡಮ್ಮ, ಕಾಯ್ಲೆ ಕೈಯಿ. ನಿನ್ ಹೊಡೆತ ಸಡಿಲ ಬಿದ್ದದೆ" ಅಂದರು.

"ಸಾ, ಎರಡೂ ಕಡೆ ಬೆರಳಾಡ್ಸಿ ನೋಡಿ. ಬಿಗಿಯಾಗಿರೋದೇ ನಂದು" ಅಂದಳು.

ಅವರು ಬೆರಳಾಡಿಸಿದರು. ಮತ್ತೊಮ್ಮೆ ಆಡಿಸಿದರು. ಶೆಡ್ಡಿನ ಎಲ್ಲ ಮಗ್ಗಗಳೂ ನಿಂತಿದ್ದವು. ಈಗ ತಪ್ಪಾಯ್ತು ಅನ್ನುತ್ತಾರೆ ಅಂದುಕೊಂಡೆ. ಅವರು ಸೀರೆ ಮಡಚಿ ಕಂಕುಳಲ್ಲಿಟ್ಟುಕೊಂಡು, "ಏನೇ ಆಗ್ಲಿ ಕಣಮ್ಮ. ನೀನು ಮಲಗಿದ್ದಕ್ಕೆ ತಾನೇ ಇನ್ನೊಬ್ಬನ್ನ ಕೂರಿಸಿದ್ದು?" ಅಂದರು.

ನಾನು ಸುಮ್ಮನಿರಲಿಲ್ಲ. ಆರ್ಡರಿನ ಸೀರೆ ಇವಳಿಗೆ ಕೊಡಬೇಡಿ, ಅಂಗಡಿಗೆ ಹೋಗುವ ಸೀರೆ ಕೊಡಿ, ಅದು ಹದಿನೈದು ದಿನಕ್ಕಾದರೂ ಬರಲಿ ತಿಂಗಳಿಗಾದರೂ ಬರಲಿ, ಯಾರಿಗೆ ಏನು ನಷ್ಟ ಅಂತ ಕೇಳಿದೆ. ಖಾಲಿ ಬಿದ್ದಿದ್ದ ಇನ್ನೆರಡು ಮಗ್ಗ ತೋರಿಸಿದೆ. ನೇಯುವವರೇ ಸಿಗುತ್ತಿಲ್ಲ ಅಂತ ಅಳುವ ಜನ ಕೂತವಳನ್ನು ಯಾಕೆ ಎಬ್ಬಿಸುತ್ತೀರಿ ಅಂತಲೂ ಕೇಳಿದೆ. ಸಾವ್ಕಾರರು ಬಹಳ ಸಮಾಧಾನವಾಗಿ ಹೇಳಿದರು, "ಒಬ್ಬರಿಗೊಂದು ಕಾನೂನು ಮಾಡಕ್ಕಾಗಲ್ಲ ಕಣಯ್ಯ. ಕಾಯ್ಲೆ ಇದ್ರೆ ಮನೇಲಿರ್ಲಿ, ಇಲ್ದಿದ್ರೆ ಕೆಲ್ಸ ಮಾಡ್ಲಿ. ಎರಡೂ ಅಂದ್ರೆ ಹೆಂಗೆ?"

ಅದಕ್ಕೆ ಅವಳೇ ಉತ್ತರ ಕೊಟ್ಟಳು. "ಎರಡೂನೂವೆ ಸಾ. ಕಾಯ್ಲೆನೂ ನಂದೇ, ಕೆಲ್ಸನೂ ನಂದೇ. ನಾನೇನ್ ಮಾಡ್ಲಿ?"

ಇಷ್ಟಾದ ಮೇಲೆ ಬಂತು ಆ ಉಪಕಾರ. ಸಾವ್ಕಾರರು ಯೋಚಿಸಿ ಯೋಚಿಸಿ ಅವಳಿಗೊಂದು ಹಗುರದ ಕೆಲಸ ಹುಡುಕಿದರು. ಸೀರೆಯ ಉದ್ದನೆಯ ನೂಲಿಗೆ ಹಾಸು ಅನ್ನುತ್ತೇವೆ. ಅದನ್ನು ಮಗ್ಗಕ್ಕೆ ಏರಿಸುವ ಮುಂಚೆ ಬೆಳಿಗ್ಗೆ ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಸವರಿ, ಕಡಿದ ಎಳೆಗಳಿಗೆ ಗಂಟು ಹಾಕಿ, ಬಿಸಿಲಿಗೆ ಆರಿಸಿ ಸುತ್ತುತ್ತೇವೆ. ಆ ಗಂಟು ಹಾಕುವ ಕೆಲಸ. ಕೂತು ಮಾಡುವುದು, ತುಳಿಯಬೇಕಾಗಿಲ್ಲ, ಗುಂಡಿಯ ಥಂಡಿ ಇಲ್ಲ, ದಿನಗೂಲಿ. ಬೀದಿಯವರೆಲ್ಲ ಸಾವ್ಕಾರರನ್ನು ಹೊಗಳಿದರು. ಅತ್ತೆ ಅವರ ಕಾಲಿಗೆ ಬೀಳುವುದೊಂದು ಬಾಕಿ.

"ಬಿಸ್ಲು ಆಗದಿಲ್ಲ ಅಂದವ್ರೆ ಸಾ ಡಾಕ್ಟ್ರಮ್ಮ" ಅಂತ ಅವಳು ಹೇಳಿದಳು. ನನ್ನ ಕಿವಿಯಾರೆ ಕೇಳಿದ್ದೇನೆ.

"ಎಳೆ ಬಿಸಿಲು ಕಣಮ್ಮ. ಹಸುಗೂಸಿಗೂ ಕಾಯಿಸ್ತಾರೆ. ಹೊಲದಲ್ಲಿ ಬೆಳೆದವಳು ನೀನು, ನಿನಗೇನು ಬಿಸಿಲು ಹೊಸದಾ?"

ಅವಳ ಮಗ್ಗದಲ್ಲಿ ಆಗಲೇ ಬೇರೆಯವನು ಕೂತಿದ್ದ. ಇದು ಬೇಡ ಅಂದರೆ ಏನೂ ಇಲ್ಲ. ಗಂಡನ ಆಟೋ ಸಂಪಾದನೆ ಅವಳ ಮಾತ್ರೆಗೇ ಸರಿಹೋಗುತ್ತಿತ್ತು. "ಪಾಕಲಾಂ" ಅಂದಳು. ಆ ಸಲ ಹಾಗೆ ಅನ್ನುವಾಗ ನಗಲಿಲ್ಲ.

ಗಂಡನ ತುಂಬುತೋಳಿನ ಅಂಗಿ ತೊಟ್ಟು, ತಲೆಯ ಮೇಲೆ ಹಳೆಯ ಸೀರೆ ಹೊದ್ದು, ಮುಖಕ್ಕೆ ಡಾಕ್ಟರಮ್ಮ ಕೊಟ್ಟ ಬಿಳಿ ಕ್ರೀಮು ಬಳಿದುಕೊಂಡು ಬಂದು ಕೂರುತ್ತಿದ್ದಳು. ಅದಕ್ಕೂ ಸಿನಿಮಾ ಹೀರೋಯಿನ್ನು, ನಾಟಕದ ಕಂಪನಿ ಅಂತೆಲ್ಲ ಕರೆದರು. ಛತ್ರಿ ತಂದಳು. ಗಂಟು ಹಾಕಲು ಎರಡು ಕೈ ಬೇಕು, ಛತ್ರಿ ಹಿಡಿಯಲು ಮೂರನೆಯದನ್ನು ಎಲ್ಲಿಂದ ತರುವುದು? ನಾನು ಒಂದು ದಿನ ಅವಳು ಕೂರುವ ಕಡೆ ನಾಲ್ಕು ಗಳ ನಿಲ್ಲಿಸಿ ಟಾರ್ಪಾಲು ಕಟ್ಟಿದೆ. ಹೊತ್ತೇರುವುದರೊಳಗೆ ಬಿಚ್ಚಿಸಿದರು. ಕೆಳಗಿರುವ ಹಾಸು ಆರುವುದಿಲ್ಲವಂತೆ, ಎಳೆ ಅಂಟಿಕೊಳ್ಳುತ್ತವಂತೆ. ಇದೇ ಬೀದಿಯಲ್ಲಿ ಮದುವೆಯಾದರೆ ಮೂರು ದಿನ ಅಡ್ಡಡ್ಡ ಚಪ್ಪರ ಹಾಕುತ್ತಾರೆ, ಆಗ ಯಾರ ಹಾಸಿಗೂ ಬಿಸಿಲು ಬೇಡ. ನಾನು ಬಾಯಿಗೆ ಬಂದ ಹಾಗೆ ಬೈದೆ. ಬಯ್ಯಿಸಿಕೊಂಡವರಿಗೆ ಬೇಜಾರೂ ಆಗಲಿಲ್ಲ. "ಇವನದು ಇದ್ದದ್ದೇ, ಹಾಲು ಉಕ್ತು" ಅಂತ ಅವಳ ಮಾತನ್ನೇ ಹೇಳಿ ನಕ್ಕರು.

ಹೋಗುತ್ತ ಬರುತ್ತ ಮುದುಕಿಯರು ಅವಳ ಸೆರಗನ್ನು ಜಗ್ಗಿ, "ಮಕ ಬುಟ್ಕಂಡು ಕುತ್ಕವ್ವ, ಬಿಸ್ಲು ಬೀಳ್ಲಿ, ಬಿರ್ರನೆ ವಾಸಿಯಾಯ್ತದೆ" ಅನ್ನುತ್ತಿದ್ದರು. ಕೆಟ್ಟವರಾಗಿದ್ದರೆ ಕೈ ತೆಗೆಯೇ ಮುದುಕಿ ಅನ್ನಬಹುದಿತ್ತು. ಕಣ್ಣಲ್ಲಿ ನೀರು ತಂದುಕೊಂಡು ಹೇಳುವವರಿಗೆ ಏನು ಹೇಳುವುದು? ಕೇಡಿಗರ ಜೊತೆ ಜಗಳ ಆಡಿ ನನಗೆ ಅಭ್ಯಾಸವಿದೆ. ಒಳ್ಳೆಯವರ ಜೊತೆ ಆಡಿ ಗೆಲ್ಲುವುದು ನನಗೆ ಇವತ್ತಿಗೂ ಗೊತ್ತಿಲ್ಲ.

ತಿಂಗಳು ತುಂಬುವುದರೊಳಗೆ ಬಾಯೆಲ್ಲ ಹುಣ್ಣಾಯಿತು. ಕೂದಲು ಬಾಚಣಿಗೆಗೆ ಕಂತೆಯಾಗಿ ಬಂತು. ಕಾಲು ಊದಿ ಚಪ್ಪಲಿ ಹಿಡಿಸಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಕಾಯಿಲೆ ಮೂತ್ರಪಿಂಡಕ್ಕೆ ಇಳಿದಿದೆ ಅಂದರು. ವಾರಗಟ್ಟಲೆ ಅಲ್ಲೇ ಇದ್ದಳು. ನಾನು ನೋಡಲು ಹೋದ ದಿನ ಡಾಕ್ಟರಮ್ಮ ಮಂಚದ ಪಕ್ಕ ನಿಂತು ರೇಗುತ್ತಿದ್ದರು, "ಅಷ್ಟು ಹೇಳಿದ್ದೆನಲ್ಲಮ್ಮ, ಬಿಸಿಲಿನಲ್ಲಿ ಯಾಕೆ ಕೂತೆ?"

"ನಮ್ ಬೀದೀಲಿ ಎಲ್ರೂವೆ ಒಳ್ಳೇರು ಮೇಡಮ್, ಅದ್ಕೇಯ" ಅಂದಳು ಇವಳು.

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಗಿ ಹೊರಗೆ ಬಂದು ಗೋಡೆಗೆ ಗುದ್ದಿದೆ. ಕೈ ನೋವಾದದ್ದಷ್ಟೇ ಲಾಭ.

ವಾಪಸ್ಸು ಬಂದು ಸ್ವಲ್ಪ ನಡೆಯುವಂತಾದ ಮೇಲೆ ನೇರ ಶೆಡ್ಡಿಗೇ ಬಂದಳು. ನನ್ನ ಮಗ್ಗ ನನಗೆ ಕೊಡಿ ಅಂದಳು. ಅಷ್ಟರಲ್ಲಿ ಅವಳ ಜಾಗದಲ್ಲಿ ಕೂತಿದ್ದವನು ಕೆಲಸ ಬಿಟ್ಟು ಹೋಗಿ ಮಗ್ಗ ಖಾಲಿಯೇ ಬಿದ್ದಿತ್ತು. ಧೂಳು ಹಿಡಿದಿದ್ದ ಮಗ್ಗದ ಮುಂದೆ ನಿಂತು ಸಾವ್ಕಾರರು ಹೇಳಿದರು, "ಜೀವಕ್ಕಿಂತ ಕೆಲ್ಸ ದೊಡ್ಡದಾ ತಾಯಿ? ನೀನು ರೆಸ್ಟ್ ತಗೋ. ನಿನಗೇನಾದ್ರೂ ಆದ್ರೆ ನಾಳೆ ನನ್ನ ಮೇಲೆ ಬರುತ್ತೆ." ಹಣ್ಣಿಗೆ ಅಂತ ಅವಳ ಕೈಯಲ್ಲಿ ನೋಟನ್ನೂ ಇಟ್ಟರು. ಅವಳು ಅದನ್ನು ಅವರ ಮೇಜಿನ ಮೇಲೆ ಇಟ್ಟು ಹೊರಟುಬಿಟ್ಟಳು. ಹೋಗುವಾಗ ನನ್ನ ಕಡೆ ನೋಡಲೂ ಇಲ್ಲ.

ನಮ್ಮ ಅಪ್ಪನ ಹಳೆಯ ಮಗ್ಗ ಬಿಚ್ಚಿ ಅಟ್ಟದ ಮೇಲೆ ಇಟ್ಟಿದ್ದೆ. ಅದನ್ನು ಅವಳ ಮನೆಗೇ ಹಾಕಿಕೊಡೋಣ, ನೂಲು ನಾನು ತಂದುಕೊಡುತ್ತೇನೆ ಅಂತ ಗಂಡನನ್ನು ಒಪ್ಪಿಸಿದೆ. ಮಾತು ಕಮ್ಮಿ, ಒಳ್ಳೆಯ ಮನುಷ್ಯ. ಒಂದು ಭಾನುವಾರ ಇಬ್ಬರೂ ನಡುಮನೆಯಲ್ಲಿ ಅಳತೆ ಹಾಕಿ ಹಾರೆ ಎತ್ತಿದೆವು. ಅವಳು ಗೋಡೆಗೊರಗಿ ಕೂತು, ಇನ್ನೂ ಒಂಚೂರು ಈ ಕಡೆಗೆ, ಅಲ್ಲಿ ಕಿಟಕಿ ಬಿಸಿಲು ಬೀಳುತ್ತದೆ ಅಂತ ಜೋರು ಮಾಡುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಆ ಜೋರನ್ನು ಕೇಳಿದ್ದು. ಆಗ ಅತ್ತೆ ಒಳಗಿನಿಂದ ಓಡಿಬಂದು ಹಾರೆ ಹಿಡಿದುಕೊಂಡಳು.

"ಕಾಯ್ಲೆ ಮನ್ಸರು ಇರೋ ಮನೇಲಿ ಗುಂಡಿ ತೋಡ್ತಾರೇನ್ರಪ್ಪಾ? ಯಾರ್ಗೆ ಅಂತ ತೋಡ್ತಿದ್ದೀರಿ? ಬುಡ್ತು ಅನ್ನಿ."

ಮಗ ಹಾರೆ ಕೆಳಗಿಟ್ಟ. ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಆಮೇಲೆ ಆಟೋ ತೆಗೆದುಕೊಂಡು ಹೋಗಿಬಿಟ್ಟ. ನಾನು ಒಬ್ಬನೇ ತೋಡುತ್ತೇನೆ ಅಂತ ಕೂಗಾಡಿದೆ. ಇನ್ನೊಬ್ಬರ ಮನೆಯ ನೆಲ ಅಗೆಯಲು ನಾನು ಯಾರು? ಅವಳು ಗೋಡೆಗೊರಗಿದಲ್ಲೇ, "ಸಾಕು ಕಣಣ್ಣ, ಓಗು. ಅತ್ತೆ ಎದ್ರಕಂಡವ್ಳೆ" ಅಂದಳು. ನಾಲ್ಕು ದಿನ ಆರಾಮವಾಗಿರಲಿ ಅಂತ ಅವಳನ್ನು ಮಾರ್ಟಳ್ಳಿಗೆ ಕಳಿಸಿದರು. ಆ ನಾಲ್ಕು ದಿನ ಮುಗಿಯದೆ ವರ್ಷವಾಗುತ್ತ ಬಂತು.

ಗುಂಡಿ ಮುಚ್ಚಿದ ಸುದ್ದಿ ಬೇರೆಯವರ ಬಾಯಿಂದ ಅವಳಿಗೆ ತಲುಪುವುದು ನನಗೆ ಬೇಕಿರಲಿಲ್ಲ. ಅದಕ್ಕೇ ಹೋದ ಭಾನುವಾರ ಹನೂರು ದಾಟಿ ಮಾರ್ಟಳ್ಳಿಯ ಬಸ್ಸು ಹಿಡಿದೆ. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಕಿಟಕಿಗೆ ಗೋಣಿಚೀಲ ಕಟ್ಟಿದ ಒಳಕೋಣೆಯಲ್ಲಿ ಅವಳು ಚಾಪೆಯ ಮೇಲೆ ಕೂತಿದ್ದಳು. ಕೂದಲು ಮತ್ತೆ ಬಂದಿತ್ತು, ಕೆನ್ನೆಯ ಊತ ಇಳಿದಿತ್ತು. ಮೂತ್ರದ ಪರೀಕ್ಷೆ ಪರವಾಗಿಲ್ಲವಂತೆ, ಮಾತ್ರೆ ಕಮ್ಮಿ ಮಾಡಿದ್ದಾರಂತೆ. ಗುಂಡಿಯ ವಿಷಯ ಹೇಳಿದೆ. "ಓ" ಅಂದಳು. ಗಾಜಿನ ಬೀರು ಎಷ್ಟು ದೊಡ್ಡದು ಅಂತ ಕೇಳಿದಳು. ಕೈ ಅಗಲಿಸಿ ತೋರಿಸಿದೆ.

ಒಂದು ಮೊರದಲ್ಲಿ ಕಡಲೆಕಾಯಿ ಇತ್ತು. ಅದನ್ನು ತನ್ನ ಕಡೆಗೆ ಎಳೆದುಕೊಂಡಳು, ಮತ್ತೆ ದೂರ ಸರಿಸಿದಳು. "ಅವ್ವ ಬೈತಾಳೆ. ಒಂದು ಕಾಯಿ ಸುಲಿಯಾಕೂ ಬುಡಕಿಲ್ಲ. ಬಂದೋರೆಲ್ಲ ಅದನ್ನೇ ಯೋಳ್ತಾರೆ, ಏನೂ ಮಾಡ್ಬ್ಯಾಡ, ಆರಾಮಾಗಿರು ಅಂತ" ಅಂದಳು.

ಹೊರಗೆ ಬಿಸಿಲು ನೆತ್ತಿಗೆ ಬಂದಿತ್ತು. ಅವಳು ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದಳು. ಬೆರಳುಗಳನ್ನು ಪೂರ್ತಿ ಬಿಡಿಸಿದಳು, ಬಿಗಿಯಾಗಿ ಮುಷ್ಟಿ ಕಟ್ಟಿದಳು, ಮತ್ತೆ ಬಿಡಿಸಿದಳು. ಎಲ್ಲಿಯೂ ಊತವಿರಲಿಲ್ಲ.

"ನೋಡಣ್ಣ, ಇವತ್ತು ಬೆಳಿಗ್ಗಿಂದ್ಲೂವೆ ಕೈ ಎಷ್ಟು ಚೆಂದಾಗದೆ" ಅಂದಳು. "ಈಗ ಇದ್ನ ತಕಂಡು ಏನ್ ಮಾಡನ, ನೀನೇ ಯೋಳು."